ನಮ್ಮತ್ತೆ ಹಾಲು ಬಿಟ್ಟ ವರ್ಷ

ನನ್ನನ್ನು ನೋಡಲು ಮಳವಳ್ಳಿಗೆ ಬಂದ ದಿನ ನಮ್ಮತ್ತೆ ಕೇಳಿದ ಪ್ರಶ್ನೆ ಒಂದೇ. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಅವರು ವಿಚಾರಿಸಲಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಇಬ್ಬರು ಕೂರುವಷ್ಟು ಜಾಗದಲ್ಲಿ ಒಬ್ಬರೇ ಕೂತು, ಅಮ್ಮ ತಂದಿಟ್ಟ ಎಲೆ ಅಡಿಕೆಯನ್ನು ಪಕ್ಕಕ್ಕೆ ಸರಿಸಿ, ನನ್ನ ಎರಡೂ ಕೈಗಳನ್ನು ತಮ್ಮ ಮಡಿಲ ಮೇಲೆ ಹರಡಿಕೊಂಡರು. ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಆಲು ಕರೆಯಾಕೆ ಬತ್ತದಾ, ಮಗ?"

ಅಪ್ಪ ಶಾಲೆಯ ಮೇಷ್ಟ್ರು. ನಮ್ಮ ಮನೆಗೆ ಹಾಲು ಬೀದಿಯಿಂದ ಬರುತ್ತಿತ್ತು, ಕೊಟ್ಟಿಗೆಯಿಂದಲ್ಲ. "ಬರಲ್ಲ" ಎಂದೆ. ಬಾಗಿಲ ಮರೆಯಲ್ಲಿ ನಿಂತಿದ್ದ ಅಮ್ಮನ ಬಳೆ ಸದ್ದಾದದ್ದು ಕೇಳಿತು. ಸಂಬಂಧ ತಪ್ಪಿಹೋಯಿತೆಂದು ಅವಳಿಗೆ ಗಾಬರಿ. ಆದರೆ ಎದುರಿಗೆ ಕೂತಿದ್ದ ಆ ದೊಡ್ಡ ಹೆಂಗಸು ಮೈಯೆಲ್ಲ ಅಲುಗುವ ಹಾಗೆ ನಕ್ಕರು.

"ಬ್ಯಾಡ ಬುಡು, ನಾನು ಕಲುಸ್ತೀನಿ. ಬೆರಳು ಸಂದಾಗವೆ."

ಮದ್ದೂರು ಕಡೆಯ ಕೊಪ್ಪದ ಹತ್ತಿರದ ಒಂದು ಹಳ್ಳಿಗೆ ನಾನು ಸೊಸೆಯಾಗಿ ಹೋದದ್ದು ಹೀಗೆ. ಯುದ್ಧ ನಡೆಯುತ್ತಿದ್ದ ವರ್ಷಗಳು. ಯುದ್ಧ ಎಲ್ಲಿ, ಯಾರ ಯಾರ ನಡುವೆ ಎನ್ನುವುದು ನಮ್ಮೂರಿಗೆ ಸರಿಯಾಗಿ ಗೊತ್ತಿರಲಿಲ್ಲ. ಸೀಮೆಎಣ್ಣೆ ಸಿಗದ ಸಂಜೆಗಳಲ್ಲಿ, ಇದ್ದಿಲು ಸುಟ್ಟು ಓಡುವ ಬಸ್ಸಿನ ಹೊಗೆಯಲ್ಲಿ ಮಾತ್ರ ಅದು ನಮ್ಮ ಕಡೆ ತಲೆ ಹಾಕುತ್ತಿತ್ತು. ನನ್ನ ಗಂಡ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮಾವನವರು ಗದ್ದೆಯಲ್ಲಿರುತ್ತಿದ್ದರು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ, ಅತ್ತೆ ಮತ್ತು ನಾನು. ನಮ್ಮ ಜೊತೆಗೆ ಎರಡು ಎಮ್ಮೆ, ಒಂದು ಹಸು.

ಆ ಮೊದಲ ದಿನಗಳ ಬೆಳಗನ್ನು ನಾನು ಈಗಲೂ ನೆನೆಯುವುದು ಕಣ್ಣಿನಿಂದಲ್ಲ, ಕಿವಿಯಿಂದ. ಅರೆನಿದ್ದೆಯಲ್ಲಿ ಮಲಗಿರುತ್ತಿದ್ದೆ. ಕೊಟ್ಟಿಗೆಯಲ್ಲಿ ಹಾಲು ಚೆಂಬಿನ ತಳಕ್ಕೆ ಬೀಳುವ ಸೊರಸೊರ ಸದ್ದು ಕೇಳುತ್ತಿತ್ತು. ಚೆಂಬು ತುಂಬುತ್ತ ಬಂದಂತೆ ಆ ಸದ್ದು ಮೆತ್ತಗಾಗಿ, ನೊರೆಯೊಳಗೆ ಮುಳುಗಿ, ಕೊನೆಗೆ ಇಲ್ಲವೇ ಆಗುತ್ತಿತ್ತು. ಆಮೇಲೆ ಕಡೆಗೋಲು. ಅದರ ಹಗ್ಗದ ಎಳೆತಕ್ಕೆ ಇಡೀ ಮನೆ ತೊಟ್ಟಿಲಿನ ಹಾಗೆ ಆಚೀಚೆ ತೂಗುತ್ತಿದೆ ಎನಿಸುತ್ತಿತ್ತು. ಎದ್ದು ಹೋದರೆ ಮಬ್ಬು ಬೆಳಕಿನಲ್ಲಿ ಅತ್ತೆ ನಿಂತಿರುತ್ತಿದ್ದರು. ಕರೆದ ಹಾಲನ್ನು ಬಿಸಿ ಆರುವ ಮೊದಲೇ, ನಿಂತ ಹಾಗೇ, ಒಂದು ಚೆಂಬು ಗಟಗಟ ಕುಡಿಯುವುದು ಅವರ ಅಭ್ಯಾಸ. ತುಟಿಯ ಮೇಲೆ ನೊರೆಯ ಬಿಳಿ ಮೀಸೆ. ಅದನ್ನು ಒರೆಸಿಕೊಳ್ಳದೆ ನನ್ನ ಕಡೆ ತಿರುಗಿ, "ಎದ್ದಾ ಮಗ" ಅನ್ನುತ್ತಿದ್ದರು.

ಅವರು ನಿಜವಾಗಿ ದೊಡ್ಡ ಮೈಯವರು. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ಹದಿನೇಳು ವರ್ಷದ ನನಗೆ ಅದು ದಪ್ಪ ಎಂದು ಅನ್ನಿಸಿರಲಿಲ್ಲ. ಅಮ್ಮನ ಮನೆ ಬಿಟ್ಟು ಬಂದವಳಿಗೆ ಆ ಮೈ ಒಂದು ಆಸರೆ. ಮಧ್ಯಾಹ್ನ ಅವರ ಪಕ್ಕದಲ್ಲಿ ಒರಗಿದರೆ ಹಾಲು, ಬೆಣ್ಣೆ, ಸಗಣಿ, ಬಿಸಿಲು ಎಲ್ಲ ಕಲೆತ ವಾಸನೆಯೊಳಗೆ ನಿದ್ದೆ ತಾನಾಗಿ ಬರುತ್ತಿತ್ತು.

ಅವರಿಗೆ ಮಗನಲ್ಲದೆ ಒಬ್ಬಳೇ ಮಗಳು. ನನ್ನ ನಾದಿನಿ. ಅವಳ ಗಂಡ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ. ನಾನು ಬಂದ ಮರುವರ್ಷ ಮಳೆಗಾಲದ ನಾಟಿ ಮುಗಿದ ಮೇಲೆ ಅತ್ತೆ ನನ್ನನ್ನು ಕರೆದುಕೊಂಡು ಮಗಳ ಮನೆಗೆ ಹೊರಟರು. ಆಗ ನನಗೆ ಮೂರು ತಿಂಗಳು. ಅದು ಅತ್ತೆಗೂ ನನಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ನಾದಿನಿಯ ಮನೆಯಲ್ಲಿ ಕರೆಂಟು ದೀಪವಿತ್ತು. ಗುಂಡಿ ಒತ್ತಿದರೆ ಗೋಡೆ, ಗಡಿಗೆ, ಮೂಲೆಯ ಪೊರಕೆ, ಎಲ್ಲವೂ ಒಮ್ಮೆಗೇ ಕಣ್ಣು ಬಿಡುತ್ತಿದ್ದವು. ಅತ್ತೆ ಆ ದೀಪದ ಕೆಳಗೆ ನಿಂತು ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮರುದಿನ ಎಲ್ಲರೂ ನೀರು ಬೀಳುವ ಕಡೆ ಹೋದೆವು. ಕೆಳಗೆ ನೀರಿನ ಹತ್ತಿರಕ್ಕೆ ಇಳಿಯುವ ಕಲ್ಲುದಾರಿ ಕಡಿದಾಗಿತ್ತು. ಮಗಳು ಬೇಡವೆಂದರೂ ಅತ್ತೆ ಕೇಳಲಿಲ್ಲ. ಇಳಿದೇ ಇಳಿದರು. ನಾನು ಮೇಲೆಯೇ ನಾದಿನಿಯ ಜೊತೆ ನಿಂತೆ. ಅಷ್ಟು ದೂರದಿಂದ ನೋಡಿದರೆ ಅತ್ತೆಯ ಕೆಂಪು ಸೀರೆ ಹನಿಗಳ ಮಂಜಿನಲ್ಲಿ ಒಮ್ಮೆ ಕಾಣಿಸಿ ಒಮ್ಮೆ ಅಳಿಸಿಹೋಗುತ್ತಿತ್ತು. ಅವರು ಕೈ ಚಾಚಿ ಗಾಳಿಯನ್ನೇ ಹಿಡಿಯುವವರ ಹಾಗೆ ನಿಂತಿದ್ದರು. ಅಷ್ಟು ಸಂತೋಷದಲ್ಲಿ ನಾನು ಅವರನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

ಹತ್ತಿ ಬರಲು ಅವರಿಂದ ಆಗಲಿಲ್ಲ. ಹತ್ತು ಹೆಜ್ಜೆಗೆ ಕೂತರು. ಮಂಡಿ ಮಡಚದು, ಏದುಸಿರು ನಿಲ್ಲದು. ಅರ್ಧ ಗಂಟೆ ಕಾದದ್ದಾಯಿತು. ಕೊನೆಗೆ ನಾದಿನಿಯ ಗಂಡ ಓಡಿಹೋಗಿ ಒಂದು ಬೆತ್ತದ ಕುರ್ಚಿಯನ್ನೂ ನಾಲ್ಕು ಜನರನ್ನೂ ತಂದ. ಕುರ್ಚಿಯಲ್ಲಿ ಕೂರಿಸಿ, ಕೋಲು ಕಟ್ಟಿ, ಹೆಗಲ ಮೇಲೆ ಹೊತ್ತು ತಂದರು. ನೋಡಲು ಬಂದಿದ್ದವರೆಲ್ಲ ನೀರು ಬಿಟ್ಟು ಅತ್ತೆಯನ್ನೇ ನೋಡಿದರು. ನಾದಿನಿ ನನ್ನ ಪಕ್ಕದಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೊತ್ತವರಲ್ಲಿ ಒಬ್ಬ ಮೇಲೆ ಬಂದು ಬೆವರು ಒರೆಸಿಕೊಳ್ಳುತ್ತ, "ಮುಂದ್ಲ ಸಾರಿ ಗಾಡಿ ಕಟ್ಸಿ ಸ್ವಾಮಿ" ಅಂದ. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಅತ್ತೆ ನೆಲ ನೋಡುತ್ತ ಕೂತಿದ್ದರು.

ಊರಿಗೆ ಮರಳುವ ದಾರಿಯಲ್ಲಿ ಅವರು ಸೆರಗನ್ನು ಮೈ ಸುತ್ತ ಬಿಗಿಯಾಗಿ ಸುತ್ತಿಕೊಂಡು ಕೂತಿದ್ದರು.

ಮುಂದಿನ ವಾರ ನನ್ನ ಗಂಡ ಅವರನ್ನು ಮಂಡ್ಯಕ್ಕೆ ಕರೆದೊಯ್ದು ಒಬ್ಬ ಡಾಕ್ಟರಿಗೆ ತೋರಿಸಿದರು. ನಾನೂ ಹೋಗಿದ್ದೆ. ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿ ತೂಗಿದರು. ನೂರಾ ಎಂಬತ್ತು ಪೌಂಡು. ಅತ್ತೆ ಮಗನಿಗೆ, "ನಮ್ಮ ಲೆಕ್ಕದಾಗೆ ಏಳ್ಲಾ" ಅಂದರು, ಹೇಳೋ ಎಂದು. ಕಾರ್ಖಾನೆಯಲ್ಲಿ ದಿನವೂ ತೂಕ ನೋಡುವ ನನ್ನ ಗಂಡ ಮಣಕ್ಕೆ ಇಪ್ಪತ್ತೈದು ಪೌಂಡಿನಂತೆ ಲೆಕ್ಕ ಹಾಕುತ್ತ ಕ್ಷಣ ಕಣ್ಣು ಮುಚ್ಚಿ, "ಏಳು ಮಣ ದಾಟ್ತದೆ ಕಣವ್ವ" ಅಂದರು. ಡಾಕ್ಟರು ಒಳ್ಳೆಯವರು. ಮಂಡಿಗೆ ಭಾರ ಹೆಚ್ಚಾಗಿದೆ, ತುಪ್ಪ ಬೆಣ್ಣೆ ಬೆಲ್ಲ ಕಡಿಮೆ ಮಾಡಿ, ಮುದ್ದೆ ಒಂದೇ ಸಾಕು, ದಿನಾ ನಡೆಯಿರಿ ಎಂದರು. ಹಾಲಿನ ಸುದ್ದಿ ಅವರು ಎತ್ತಲೇ ಇಲ್ಲ.

ಅದನ್ನು ಎತ್ತಿದ್ದು ಅತ್ತೆಯೇ, ಮದ್ದೂರಿನ ಕಡೆ ಬರುವ ರೈಲಿನಲ್ಲಿ, ಕಿಟಕಿಯ ಹೊರಗೆ ಓಡುವ ಕಬ್ಬಿನ ಗದ್ದೆಗಳನ್ನು ನೋಡುತ್ತ.

"ತುಪ್ಪ ಎಲ್ಲಿಂದ ಬತ್ತದೆ ಮಗ?"

"ಬೆಣ್ಣೆಯಿಂದ ಅತ್ತೆ."

"ಬೆಣ್ಣೆ?"

"ಮೊಸರಿಂದ."

"ಮೊಸರು ಆಲಿಂದ. ಅಂಗಾರೆ ಈ ಏಳು ಮಣಾನೂ ಆಲೇಯ. ಆಲೇ ಬ್ಯಾಡ ಇನ್ಮೇಲೆ."

ನಾವು ಅದನ್ನು ತಮಾಷೆ ಎಂದುಕೊಂಡೆವು. ಮರುದಿನ ಬೆಳಿಗ್ಗೆ ಅತ್ತೆ ಹಾಲು ಕರೆದರು, ಚೆಂಬನ್ನು ನನ್ನ ಕೈಗೆ ಕೊಟ್ಟರು, ಬರಿ ಬಾಯಲ್ಲಿ ನಾಲೆಯ ಏರಿಯ ಕಡೆ ನಡೆದುಹೋದರು. ಹಾಲು, ಮೊಸರು, ಮಜ್ಜಿಗೆ ಮೂರೂ ಅಂದಿನಿಂದ ನಿಂತವು. ಸ್ವಲ್ಪ ದಿನಕ್ಕೆ ರಾಗಿಯೂ ಮೈಗೆ ಹಿಡಿಯುತ್ತದೆಂದು ಯಾರೋ ಹೇಳಿದರು. ಮುದ್ದೆಯೂ ಹೋಯಿತು. ಒಂದು ಹಿಡಿ ಅನ್ನ, ಅದರ ಮೇಲೆ ತಿಳಿಸಾರು, ಸಂಜೆಗೆ ಕಡ್ಲೆಪುರಿ. ಅಷ್ಟರಲ್ಲೇ ದಿನ ತಳ್ಳತೊಡಗಿದರು.

ಏಳನೇ ತಿಂಗಳಿಗೆ ನಾನು ಹೆರಿಗೆಗೆಂದು ಮಳವಳ್ಳಿಗೆ ಹೋದೆ. ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಮಾವನವರೂ ನನ್ನ ಗಂಡನೂ ಬಂದರು. ಎಮ್ಮೆ ಈದಿದೆ, ಬಿಟ್ಟು ಬರಲಾಗದು ಎಂದು ಅತ್ತೆ ಹೇಳಿ ಕಳಿಸಿದ್ದರು. ಮಗುವಿಗೆ ನಾಲ್ಕು ತಿಂಗಳಾದ ಮೇಲೆ ನಾನು ಗಾಡಿಯಲ್ಲಿ ಊರಿಗೆ ಬಂದೆ. ಮಧ್ಯಾಹ್ನದ ಬಿಸಿಲು. ತೊಡೆಯ ಮೇಲೆ ಮಗು, ಕಣ್ಣಿನಲ್ಲಿ ತೂಕಡಿಕೆ. ಮನೆ ಮುಂದೆ ಗಾಡಿ ನಿಂತಾಗ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಯಾರೋ ಬಡಕಲು ಹೆಂಗಸು ನಿಂತಿದ್ದಳು. ಅತ್ತೆಯ ಅಕ್ಕ ಯಾರೋ ಬಂದಿರಬೇಕು ಎಂದುಕೊಂಡೆ. ಅತ್ತೆ ಎಲ್ಲಿ ಎಂದು ಅವರ ಹೆಗಲಾಚೆ ಒಳಗೆ ಹುಡುಕಿದೆ. ಹಿಂದೆಲ್ಲ ಆ ಬಾಗಿಲಲ್ಲಿ ಅತ್ತೆ ನಿಂತರೆ ಒಳಗಿನದೇನೂ ಕಾಣುತ್ತಿರಲಿಲ್ಲ. ಈಗ ಹಿತ್ತಿಲ ಬೆಳಕಿನ ತನಕ ಎಲ್ಲವೂ ಕಾಣುತ್ತಿತ್ತು.

"ಯಾಕ್ ಮಗ, ಗುರ್ತು ಸಿಕ್ನಿಲ್ವಾ?" ಎಂದು ಆ ಹೆಂಗಸು ಕೇಳಿದಾಗ ಆ ದನಿಯಿಂದಲೇ ಅತ್ತೆ ಎಂದು ತಿಳಿಯಿತು. ನನಗೆ ಅಳು ಬಂತು. ಅವರಿಗೆ ನಗು.

ಸುಳ್ಳು ಹೇಳಬಾರದು, ಆ ದಿನಗಳಲ್ಲಿ ಅವರು ಬಹಳ ಖುಷಿಯಾಗಿದ್ದರು. ಮಂಡಿಯ ನೋವು ಕಡಿಮೆಯಾಗಿತ್ತು. ನಾಲೆಯ ಏರಿಯ ಮೇಲೆ ಬೆಳಗಿನ ಮಂಜಿನಲ್ಲಿ ನಡೆಯುವಾಗ ಅವರ ಹೆಜ್ಜೆ ಎಳೆಯ ಹುಡುಗಿಯರ ಹೆಜ್ಜೆಯ ಹಾಗಿತ್ತು. ಸೊಂಟದ ಡಾಬು ಜಾರುತ್ತದೆಂದು ಬಟ್ಟೆ ಸುತ್ತಿ ಕಟ್ಟಿಕೊಳ್ಳುತ್ತಿದ್ದರು. ಗಾಜಿನ ಬಳೆ ಕೈ ಕೆಳಗೆ ಮಾಡಿದರೆ ಬೆರಳಿನ ತನಕ ಬರುತ್ತಿದ್ದವು. "ಏನಕ್ಕಾ, ಮದ್ವೆ ಎಣ್ಣಾಗಿದ್ದೀಯ" ಎಂದು ಕೇರಿಯ ಹೆಂಗಸರು ಅಂದರೆ ಮುಖ ಕೆಂಪಾಗುತ್ತಿತ್ತು. ಒಂದು ಬೆಳಿಗ್ಗೆ ನನಗೆ ಒಂದು ಕನಸು ಹೇಳಿದರು. ಹೂ ಬಿಟ್ಟ ಕಬ್ಬಿನ ಮೇಲೆ ಅವರು ನಡೆಯುತ್ತಿದ್ದರಂತೆ. ಕಾಲ ಕೆಳಗೆ ಬೆಳ್ಳಗೆ ತೂಗಾಡುವ ತೆನೆ. ಒಂದು ತೆನೆಯೂ ಬಾಗಲಿಲ್ಲವಂತೆ.

ಅವರು ಬಿಟ್ಟ ಹಾಲನ್ನೆಲ್ಲ ನಾನು ಕುಡಿದೆ. ಬಾಣಂತಿ, ಮೊಲೆಯೂಡುವವಳು, ಕುಡಿ ಕುಡಿ ಎಂದು ಅತ್ತೆ ಹೊತ್ತು ಹೊತ್ತಿಗೆ ಲೋಟ ತಂದು ಎದುರು ಕೂರುತ್ತಿದ್ದರು. ಕೊನೆಯ ಗುಟುಕಿನ ತನಕ ನನ್ನ ಗಂಟಲನ್ನೇ ನೋಡುತ್ತಿದ್ದರು. ಕುಡಿಯುವುದು ನಾನು, ನುಂಗುವುದು ಅವರು. ನಾನು ತುಂಬಿಕೊಂಡೆ, ಮಗು ತುಂಬಿಕೊಂಡಿತು, ಅತ್ತೆ ಇಳಿಯುತ್ತ ಹೋದರು. ಒಮ್ಮೊಮ್ಮೆ ಮಗುವಿಗೆ ಹಾಲೂಡುತ್ತ ಕಣ್ಣು ಮುಚ್ಚಿದರೆ, ಅತ್ತೆಯ ಮೈಯೇ ಕರಗಿ ನನ್ನೊಳಗೆ ಹರಿದು ಮಗುವಿಗೆ ಹೋಗುತ್ತಿದೆ ಎನ್ನಿಸಿ ಬೆಚ್ಚಿಬೀಳುತ್ತಿದ್ದೆ.

ಮೊದಲು ಬಂದದ್ದು ಕಾಲಿನ ಸೆಳೆತ. ಏಳುವ ಹೊತ್ತಿಗೆ ಮೀನಖಂಡ ಕಲ್ಲಿನ ಹಾಗೆ ಬಿಗಿದು, ಅವರು ಚಾಪೆಯ ಮೇಲೆ ಕಾಲು ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದರು. ನಡೆದದ್ದು ಜಾಸ್ತಿಯಾಯಿತು ಎಂದುಕೊಂಡೆವು. ಆಮೇಲೆ ಬೆನ್ನು ಸ್ವಲ್ಪ ಬಾಗಿತು. ಒಂದು ಸಂಜೆ ಪುರಿ ತಿನ್ನುತ್ತ ಬಾಯಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಕಲ್ಲಲ್ಲ, ಹಲ್ಲು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ಯಾರ್ಗೂ ಏಳ್ಬ್ಯಾಡ" ಅಂದರು. ನಾನು ಯಾರಿಗೂ ಹೇಳಲಿಲ್ಲ. ಅದು ನನ್ನ ತಪ್ಪು.

ಮುಂದಿನದು ಕೊಟ್ಟಿಗೆಯಲ್ಲಿ ನಡೆಯಿತು. ಬೆಳಿಗ್ಗೆ ಹೊತ್ತು ಹುಟ್ಟುವ ಸಮಯ. ಅತ್ತೆ ಕರುವಿನ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎಮ್ಮೆಯ ಮೈ ಸವರುತ್ತಿದ್ದರು. ಹಸಿದ ಕರು ತಾಯಿಯ ಕೆಚ್ಚಲ ಕಡೆ ಒಮ್ಮೆ ಜಗ್ಗಿತು. ಎಲ್ಲ ಕರುಗಳೂ ದಿನಾ ಜಗ್ಗುವ ಹಾಗೆ, ಅಷ್ಟೇ. ಒಣಕಡ್ಡಿ ಮುರಿದ ಸದ್ದು ನನಗೆ ಕೇಳಿಸಿತು. ಅತ್ತೆ ಬೀಳಲಿಲ್ಲ, ಕೂಗಲೂ ಇಲ್ಲ. ತಮ್ಮ ಕೈ ತೂಗಿಬಿದ್ದ ರೀತಿಯನ್ನು ಬೇರೆ ಯಾರದೋ ಕೈ ನೋಡುವವರ ಹಾಗೆ ನೋಡುತ್ತ ನಿಂತಿದ್ದರು. ಕರು ಹಗ್ಗ ಬಿಡಿಸಿಕೊಂಡು ಹೋಗಿ ಚಪ್ಪರಿಸಿ ಕುಡಿಯತೊಡಗಿತು.

ಮಾವನವರು ಗಾಡಿ ಕಟ್ಟಿಸಿ ಮದ್ದೂರಿನ ತನಕ ಬಂದರು, ಅಲ್ಲಿಂದ ರೈಲು. ಮಂಡ್ಯದ ಆಸ್ಪತ್ರೆಯಲ್ಲಿ ಆಗ ಒಬ್ಬ ಲೇಡಿ ಡಾಕ್ಟರು ಬಂದಿದ್ದರು. ಗಿಡ್ಡ ಹೆಂಗಸು, ದಪ್ಪ ಕನ್ನಡಕ, ಬಿಳಿ ಸೀರೆ. ಮಾತು ಮೆಲ್ಲಗೆ, ಪ್ರಶ್ನೆ ಮಾತ್ರ ಚೂಪು. ಕೈಗೆ ಪಟ್ಟಿ ಹಾಕಿಸಿದ ಮೇಲೆ ಅವರು ಅತ್ತೆಯ ಎದುರು ಸ್ಟೂಲು ಎಳೆದುಕೊಂಡು ಕೂತರು.

"ಬಿದ್ದಿರಾ ಅಮ್ಮ?"

"ಇಲ್ಲ ಕಣವ್ವ. ಕರ ಜಗ್ತು."

"ಕರು ಜಗ್ಗಿದ್ದಕ್ಕೆ ಮೂಳೆ ಮುರೀತಾ? ದಿನಾ ಏನು ಊಟ ಮಾಡ್ತೀರಿ?"

ಅತ್ತೆ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಏಳು ಮಣದಿಂದ ಐದಕ್ಕೆ ಇಳಿದ ಕಥೆ. ಡಾಕ್ಟರಮ್ಮ ಮಧ್ಯೆ ಬಾಯಿ ಹಾಕಲಿಲ್ಲ. ಮುಟ್ಟು ನಿಂತು ಎಷ್ಟು ವರ್ಷವಾಯಿತು, ಹಲ್ಲು ಹೇಗಿವೆ ಎಂದು ಕೇಳಿದರು. ಅತ್ತೆ ಬಾಯಿ ಮುಚ್ಚಿಕೊಂಡರು. ನಾನು, "ಒಂದು ಬಿದ್ದಿದೆ" ಎಂದೆ. ಅತ್ತೆ ನನ್ನ ಕಡೆ ನೋಡಿದ ನೋಟ ಇಂದಿಗೂ ನೆನಪಿದೆ.

ಡಾಕ್ಟರಮ್ಮ ಪಕ್ಕದ ಗೋಡೆಯ ಮೇಲೆ ಬೆರಳು ಎಳೆದು, ಬೆರಳಿಗೆ ಅಂಟಿದ ಬಿಳಿಯನ್ನು ತೋರಿಸಿದರು. "ಇದೇನು?"

"ಸುಣ್ಣ."

"ನಮ್ಮ ಮೂಳೆಯಲ್ಲೂ ಇರೋದು ಸುಣ್ಣದ ಅಂಶವೇ. ದಿನಾ ಸ್ವಲ್ಪ ಸ್ವಲ್ಪ ಮೈಗೆ ಬೇಕು. ಊಟದಿಂದ ಸಿಗದೆ ಹೋದರೆ ಮೈ ಸುಮ್ಮನಿರಲ್ಲ, ಮೂಳೆಯಿಂದಲೇ ಕಿತ್ತುಕೊಳ್ಳುತ್ತೆ. ನೀವು ತೂಕ ಇಳಿಸಿದ್ದು ತಪ್ಪಲ್ಲಮ್ಮ, ನಿಮ್ಮ ಮಂಡಿಗೆ ಅದು ಬೇಕಿತ್ತು. ಆದರೆ ಕೊಬ್ಬಿನ ಜೊತೆ ಮೂಳೆಯನ್ನೂ ಇಳಿಸಿಬಿಟ್ಟಿರಿ. ಊಟ ಕಡಿಮೆ ಮಾಡೋ ಹೆಂಗಸು ಬೇರೆ ಏನು ಬಿಟ್ಟರೂ ಹಾಲು ಬಿಡಬಾರದು. ಅದರಲ್ಲೂ ಈ ವಯಸ್ಸಿನಲ್ಲಿ."

"ಆಲು ಕುಡುದ್ರೆ ತಿರ್ಗಾ ಊದ್ಕತೀನಿ."

"ಬೆಣ್ಣೆ ತೆಗೆದ ಮಜ್ಜಿಗೆ ಕುಡೀರಿ. ಕೆನೆ ತೆಗೆದ ಹಾಲು ಕುಡೀರಿ. ಊದಿಸೋದು ಬೆಣ್ಣೆ. ಮೂಳೆಗೆ ಬೇಕಾದ್ದು ಬೆಣ್ಣೆ ಹೋದ ಮೇಲೂ ಕೆಳಗೇ ಉಳಿದಿರುತ್ತೆ. ರಾಗಿ ಯಾಕೆ ಬಿಟ್ಟಿರಿ? ರಾಗಿ, ನುಗ್ಗೆಸೊಪ್ಪು, ಎಳ್ಳು, ನಾಲೆಯ ಸಣ್ಣ ಮೀನು ಮುಳ್ಳಿನ ಸಮೇತ, ಇವೆಲ್ಲ ತಿನ್ನಿ. ಬೆಳಗಿನ ಬಿಸಿಲಲ್ಲಿ ಕೂರಿ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಕುಡೀತೀಯಾ?"

"ಕುಡೀತೀನಿ. ಅವರದ್ದೂ ನಾನೇ ಕುಡಿದೆ."

ಹಾಗೆ ಹೇಳಿ ನಾನು ತಲೆ ತಗ್ಗಿಸಿದೆ. ಡಾಕ್ಟರಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು, "ನೀನು ಕುಡಿದದ್ದರಿಂದ ಅವರಿಗೆ ಹೀಗಾಗಲಿಲ್ಲ, ಅವರು ಕುಡಿಯದೆ ಇದ್ದದ್ದರಿಂದ ಆಯಿತು. ಎರಡೂ ಬೇರೆ" ಅಂದರು.

ಊರಿಗೆ ಬಂದೆವು. ಅತ್ತೆ ರಾಗಿ ಮುದ್ದೆಗೆ ಒಪ್ಪಿದರು, ಸೊಪ್ಪಿಗೆ ಒಪ್ಪಿದರು. ಹಾಲು ಮಜ್ಜಿಗೆಗೆ ಮಾತ್ರ ಒಪ್ಪಲಿಲ್ಲ. ಲೋಟ ಹತ್ತಿರ ತಂದರೆ ಮುಖ ಆಚೆ ತಿರುಗಿಸುತ್ತಿದ್ದರು. ಬಾಯಲ್ಲಿ ಬೇಡ ಅನ್ನುತ್ತಿದ್ದರೂ ಅವರ ಮೂಗು ಆ ವಾಸನೆಗೆ ಅರಳುವುದನ್ನು ನಾನು ನೋಡಿದ್ದೇನೆ. ನಾನೊಂದು ಉಪಾಯ ಮಾಡಿದೆ. ಕೆನೆ ತೆಗೆದ ಹಾಲನ್ನು ಅವರ ರಾಗಿ ಗಂಜಿಗೆ ಬೆರೆಸಿದೆ. ಜನ್ಮವಿಡೀ ಹಾಲಿನಲ್ಲೇ ಬದುಕಿದ ನಾಲಿಗೆ ಅದು, ಮೊದಲ ಗುಟುಕಿಗೇ ತಿಳಿಯಿತು. ಬಟ್ಟಲನ್ನು ಹಿತ್ತಿಲಿಗೆ ಎಸೆದರು.

"ನಿಂಗೆ ನನ್ನ ಮ್ಯಾಲೆ ಏನು ದ್ವೇಸ? ತಿರ್ಗಾ ನನ್ನ ನಾಕು ಜನ ಒತ್ಕಂಡು ಓಗ್ಬೇಕಾ? ನೀವು ನಿಂತ್ಕಂಡು ನಗ್ಬೇಕಾ?"

"ಯಾರು ನಕ್ಕರು ಅತ್ತೆ?"

ಅತ್ತೆ ನೆಲಕ್ಕೆ ಕೂತರು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಡೆಗೋಲ ಕಂಬಕ್ಕೆ ಒರಗಿದರು. ಬಿಸಿಲು ಹಂಚಿನ ಸಂದಿಯಿಂದ ಇಳಿದು ಅವರ ಕಾಲ ಮೇಲೆ ಬಿದ್ದಿತ್ತು. ನನಗಲ್ಲ, ಆ ಬಿಸಿಲಿಗೇ ಹೇಳುವ ಹಾಗೆ ಹೇಳಿದರು.

"ಬ್ಯಾರೇರು ನಗ್ಲಿ ಬುಡು. ನಾನ್ ಎತ್ತ ಮಗ್ಳು ನಗ್ತಿದ್ಲಲ್ಲ. ಸೆರಗು ಬಾಯ್ಗಿಟ್ಕಂಡು, ಮೈಯೆಲ್ಲ ಅಲ್ಲಾಡುಸ್ಕಂಡು. ಕುರ್ಚಿ ಮ್ಯಾಲಿಂದ ಕಂಡೆ ನಾನು."

ಒಂದೂವರೆ ವರ್ಷ ಅವರು ಅದನ್ನು ಒಳಗಿಟ್ಟುಕೊಂಡು ಸವೆದಿದ್ದರು. ಮಗಳ ಮನೆಗೆ ಮತ್ತೆ ಹೋಗದೆ, ಬಾ ಎಂದು ಕರೆಯದೆ, ಎಮ್ಮೆ ಈದಿದೆ, ಗದ್ದೆ ಕೊಯ್ಲಿದೆ ಎಂದು ನೆಪ ಹೇಳುತ್ತ ಕಾಲ ಕಳೆದಿದ್ದರು.  ಆದರೆ ಆ ಹೊತ್ತಿನಲ್ಲಿ ನಾದಿನಿಯ ಪಕ್ಕದಲ್ಲಿ ನಿಂತಿದ್ದವಳು ನಾನು.

"ಅತ್ತೆ, ಅವರು ನಗಲಿಲ್ಲ. ಅಳ್ತಿದ್ದರು."

"ಸುಳ್ಳು ಏಳ್ಬ್ಯಾಡ."

"ನನ್ನ ಮಗು ಮೇಲಾಣೆ. ನನ್ನ ತೋಳು ಹಿಡಕೊಂಡಿದ್ದರು. ಉಗುರು ನಾಟಿ ಗಾಯ ಆಗಿತ್ತು. ಅಷ್ಟು ನೀರು ಬೀಳೋ ಸದ್ದಲ್ಲಿ ಅಳೋದು ಯಾರಿಗೆ ಕೇಳುತ್ತೆ? ನಮ್ಮವ್ವನ ಉಸಿರು ನಿಂತೋದ್ರೆ ಏನ್ ಮಾಡ್ಲಿ, ನಮ್ಮವ್ವನ ಉಸಿರು ನಿಂತೋದ್ರೆ ಏನ್ ಮಾಡ್ಲಿ, ಅಂತ ಅದೊಂದೇ ಮಾತು."

ಅತ್ತೆ ನನ್ನ ಮುಖವನ್ನು ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ, ಎಸೆದ ಬಟ್ಟಲನ್ನು ತಾವೇ ಹುಡುಕಿ ತಂದು, ಒಂದೇ ಕೈಯಲ್ಲಿ ತೊಳೆದಿಟ್ಟರು. 

ಮೂರನೆಯ ಬೆಳಿಗ್ಗೆ ನಾನು ಮೊಸರು ಕಡೆಯುವಾಗ ಬಂದು ಎದುರು ಕೂತರು. ಬೆಣ್ಣೆ ತೇಲಿ ಬಂತು, ತೆಗೆದೆ. ಇನ್ನೊಂದು ಸಲ ಕಡೆಯಲು ಹೇಳಿದರು, ಕಡೆದೆ. ಗಡಿಗೆಯೊಳಗೆ ಬಗ್ಗಿ, ಬೆರಳಾಡಿಸಿ, ಒಂದು ಸಾಸಿವೆಕಾಳಿನಷ್ಟೂ ಬೆಣ್ಣೆ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಲೋಟ ಚಾಚಿದರು. ಮೊದಲ ಗುಟುಕನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದರು. ಕಣ್ಣು ಮುಚ್ಚಿತ್ತು. ಎಲ್ಲಿಗೋ ಹೋಗಿ ಬಂದವರ ಹಾಗೆ ಕಣ್ಣು ತೆರೆದು, "ಉಳಿ ಆಗದೆ" ಅಂದರು, ಹುಳಿಯಾಗಿದೆ ಎಂದು. ಪೂರ್ತಿ ಕುಡಿದರು.

ಶಿವನಸಮುದ್ರಕ್ಕೆ ನಾನೇ ಕಾಗದ ಬರೆದೆ. ನಾದಿನಿ ಎಂಟು ದಿನಕ್ಕೆ ಬಂದಳು. ತಾಯಿಯನ್ನು ನೋಡಿದವಳೇ ಹೊಸಿಲ ಮೇಲೆ ಕುಸಿದು, "ಏನ್ ಮಾಡ್ಕಂಡ್ಯವ್ವ ನೀನು!" ಎಂದು ಕೂಗಿದಳು. ನಾನು ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಒಳಗಿಂದ ಮೊದಲು ಜಗಳದ ದನಿ ಕೇಳಿತು.

"ನಾನು ನಗ್ತೀನಾ ನಿನ್ನ ನೋಡಿ? ನನ್ನ ಅಂಗೆ ತಿಳ್ಕಂಡ್ಯಾ?"

"ನಂಗೇನ್ ಗೊತ್ತು? ಸೆರಗು ಮುಚ್ಕಂಡಿದ್ದೆ."

"ಕೇಳ್ಬಾರ್ದಾ ಒಂದ್ಸಾರಿ?"

ಆಮೇಲೆ ಮೂಗು ಸೀಟುವ ಸದ್ದು ಬಂತು. ನಾನು ಒಳಗೆ ಹೋದಾಗ ನಾದಿನಿ ತಾಯಿಯ ಕೈಯ ಪಟ್ಟಿಯ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು. ಅತ್ತೆ ಇನ್ನೊಂದು ಕೈಯಿಂದ ಅವಳ ತಲೆಯಲ್ಲಿ ಹೇನು ಹುಡುಕುತ್ತಿದ್ದರು.

ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ಸೆಳೆತ ನಿಂತಿತು. ಬಾಗಿದ ಬೆನ್ನು ಬಾಗಿದ ಹಾಗೇ ಉಳಿಯಿತು, ಆದರೆ ಹೆಚ್ಚಲಿಲ್ಲ. ಇನ್ನೊಂದು ಹಲ್ಲೂ ಬೀಳಲಿಲ್ಲ. ಮೊದಮೊದಲು ತಿಂಗಳಿಗೊಮ್ಮೆ ಮದ್ದೂರಿಗೆ ಹೋಗಿ, ರೈಲ್ವೆ ನಿಲ್ದಾಣದಲ್ಲಿ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿ ಎಂದು ಅಲ್ಲಿನವರನ್ನು ಪೀಡಿಸುತ್ತಿದ್ದರು. ಮಜ್ಜಿಗೆ ಕುಡಿದು ಊದಿಕೊಂಡೆನೇನೋ ಎಂಬ ಹೆದರಿಕೆ. ಐದೂವರೆ ಮಣದಲ್ಲಿ ತೂಕ ನಿಂತಿತು. ನಾಲ್ಕು ಸಲ ನೋಡಿ, ಐದನೆಯ ಸಲ ಹೋಗುವುದನ್ನೇ ಮರೆತರು.

ಅವರಲ್ಲಿ ಒಂದು ಬದಲಾವಣೆ ಬಂತು. ಕೇರಿಯಲ್ಲಿ ಹಾಲಿದ್ದ ಮನೆಗಳಲ್ಲೂ ಹೆಂಗಸರು ಹಾಲು ಕುಡಿಯುತ್ತಿರಲಿಲ್ಲ. ಗಂಡಸರಿಗೆ ಹಾಕಿ, ಮಕ್ಕಳಿಗೆ ಹಾಕಿ, ಉಳಿದರೆ ಹೆಪ್ಪಿಗೆ. ಯಾವ ಮನೆಗೆ ಹೋದರೂ ಅತ್ತೆ, "ನೀನು ಏನ್ ಕುಡುದೆ ಇವತ್ತು?" ಎಂದು ಕೇಳುತ್ತಿದ್ದರು. ಆ ಹೆಂಗಸರು ನಕ್ಕರೆ, ಸೊಟ್ಟಗಾದ ಮುಂಗೈಯನ್ನು ಎತ್ತಿ ತೋರಿಸುತ್ತಿದ್ದರು. ಎದುರುಮನೆಯ ಹೊಸ ಸೊಸೆ, ತೆಳ್ಳಗಿರಬೇಕೆಂದು ಒಪ್ಪೊತ್ತು ಉಣ್ಣುತ್ತಿದ್ದವಳು, ದಿನವೂ ಮಧ್ಯಾಹ್ನ ನಮ್ಮ ಹಿತ್ತಿಲಿಗೆ ಬಂದು ಗೋಡೆಯ ಮರೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದಳು. ಅವಳ ಅತ್ತೆಗೆ ಅದು ಗೊತ್ತಿತ್ತೋ ಇಲ್ಲವೋ ನಾನರಿಯೆ.

ಯುದ್ಧ ಮುಗಿದ ಮರುವರ್ಷ ಇರಬೇಕು. ಕಬ್ಬು ನಾಟಿಯ ಕಾಲ. ಗದ್ದೆಯಲ್ಲಿದ್ದವರಿಗೆ ಬುತ್ತಿ ಕೊಟ್ಟು ಅತ್ತೆ, ನಾನು, ನನ್ನ ಪುಟ್ಟ ಮಗಳು ಮೂವರೂ ನಾಲೆಯ ಏರಿಯ ಹೊಂಗೆ ಮರದ ಕೆಳಗೆ ಕೂತೆವು. ಹೊಂಗೆಯ ಹೂ ಉದುರಿ ನೆಲವೆಲ್ಲ ಮಾಸಲು ಬಿಳುಪಾಗಿತ್ತು. ಜೇನು ಗುಂಯ್ಗುಡುತ್ತಿತ್ತು. ನೀರು ಹರಿಯುವುದೋ ನಿಂತಿರುವುದೋ ತಿಳಿಯದಷ್ಟು ನಿಧಾನ. ಮಗು ಅತ್ತೆಯ ಸೊಟ್ಟ ಕೈಯನ್ನು ದಿಂಬು ಮಾಡಿಕೊಂಡು ಮಲಗಿತು. ಆ ಕೈಯನ್ನು ಕದಲಿಸಬಾರದೆಂದು ಅತ್ತೆಯೂ ಹಾಗೇ ಒರಗಿದರು. ಇಬ್ಬರನ್ನೂ ಕಾಯುತ್ತೇನೆಂದು ಕೂತ ನಾನು ಯಾವಾಗ ಕಣ್ಣು ಮುಚ್ಚಿದೆನೋ ಗೊತ್ತಿಲ್ಲ.

ಎಚ್ಚರವಾದಾಗ ಬಿಸಿಲು ನಾಲೆಯ ಆಚೆ ದಡಕ್ಕೆ ಹೋಗಿತ್ತು. ಪಕ್ಕದಲ್ಲಿ ಯಾರೂ ಇಲ್ಲ. ಗಾಬರಿಯಿಂದ ಎದ್ದು ನೋಡಿದರೆ, ಅಷ್ಟು ದೂರದಲ್ಲಿ ಏರಿಯ ಮೇಲೆ ಅತ್ತೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಧಾನವಾಗಿ ಊರಿನ ಕಡೆ ನಡೆಯುತ್ತಿದ್ದರು. ಮಗು ಅವರ ಹೆಗಲ ಮೇಲಿಂದ ನನ್ನನ್ನು ನೋಡಿ ಕೈ ಬೀಸಿತು. ಅತ್ತೆ ತಿರುಗದೆಯೇ ಕೂಗಿದರು.

"ನಿದ್ದೆ ಮಾಡು ಮಗ, ನಿದ್ದೆ ಮಾಡು. ಏನೂ ಅವಸ್ರ ಇಲ್ಲ."

ನಾನು ಹೂವಿನ ಮೇಲೆ ಮತ್ತೆ ಮಲಗಿದೆ.